ಕಸ್ತೂರಬಾ ತಾಯಿಯ ಅಪರಿಗ್ರಹ

ನಮ್ಮ ಹಳ್ಳಿಯ ಮನೆಗಳಲ್ಲಿ ಅಟ್ಟ ಎಂಬುದೊಂದಿರುತ್ತದೆ. ಯುಗಾದಿಗೋ ದೀಪಾವಳಿಗೋ ಸುಣ್ಣ ಬಳಿಯುವಾಗ ಮಾತ್ರ ಅಲ್ಲಿಗೆ ಏಣಿ ಹಾಕುತ್ತೇವೆ. ಹತ್ತಿ ನೋಡಿದರೆ ಏನೆಲ್ಲ ಇರುತ್ತದೆ! ಕಾಲು ಮುರಿದ ತೊಟ್ಟಿಲು, ತಳ ತೂತಾದ ಹಂಡೆ, ಮದುವೆಯಲ್ಲಿ ಮುಯ್ಯಿ ಬಂದ ಡಜನ್‌ಗಟ್ಟಲೆ ಸ್ಟೀಲಿನ ತಟ್ಟೆ, ಕೆಟ್ಟು ನಿಂತ ರೇಡಿಯೋ, ಖಾಲಿ ಡಬ್ಬಿ, ಹರಿದ ಜಮಖಾನೆ. ಯಾವುದನ್ನೂ ಎಸೆಯಲು ಮನಸ್ಸು ಬರುವುದಿಲ್ಲ. ಇರಲಿ ಬಿಡು, ಎಂದಾದರೊಂದು ದಿನ ಬೇಕಾದೀತು ಎಂದು ಧೂಳು ಕೊಡವಿ ಮತ್ತೆ ಅಲ್ಲಿಯೇ ಇಡುತ್ತೇವೆ. ಆ ದಿನ ಬರುವುದಿಲ್ಲ, ಮುಂದಿನ ಹಬ್ಬ ಬರುತ್ತದೆ. ಇಟ್ಟವರು ಹೋಗುತ್ತಾರೆ, ಸಾಮಾನು ಉಳಿಯುತ್ತದೆ.

ಬೇಡವಾದದ್ದನ್ನು ಬಿಡಬೇಕೆಂದು ಹೇಳುವುದು ಸುಲಭ. ಆದರೆ ಮನೆಯಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ತೀರ್ಮಾನ ಮಾಡುವವರು ಯಾರು? ಯಜಮಾನನೋ, ಯಜಮಾನಿಯೋ, ಮಗನೋ, ಸೊಸೆಯೋ? ಒಬ್ಬರ ಕಣ್ಣಿಗೆ ಕಸವಾಗಿ ಕಂಡದ್ದು ಇನ್ನೊಬ್ಬರ ಕಣ್ಣಿಗೆ ತವರಿನ ನೆನಪು. ಹೀಗಿರುವಾಗ ಬಿಡುವುದು ಹೇಗೆ?

ಶರಣ ಚರಿತ್ರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದಳು ಎಂದು ಪರಂಪರೆ ಹೇಳುತ್ತದೆ. ಅಲ್ಲಿ ಹೆಂಡತಿ ಹೇಳಿದಳು, ಗಂಡ ಕೇಳಿದ. ಇಂದು ನಾವು ಸ್ಮರಿಸಹೊರಟ ತಾಯಿಯ ಮನೆಯಲ್ಲಿ ಗಂಡ ಹೇಳಿದ, ಹೆಂಡತಿ ಕೂಡಲೇ ಒಪ್ಪಲಿಲ್ಲ. ವಾದ ಮಾಡಿದಳು, ಅತ್ತಳು, ಕೊನೆಗೆ ಕೊಟ್ಟಳು. ಅವಳ ಹೆಸರು ಕಸ್ತೂರಬಾ. ಗುಜರಾತಿ ಭಾಷೆಯಲ್ಲಿ ಬಾ ಎಂದರೆ ತಾಯಿ. ನಮ್ಮ ಭಾಷೆಯಲ್ಲಿ ಅದೇ ಅಕ್ಷರ ಕರೆಯುವ ಮಾತು. ಎರಡೂ ಅರ್ಥ ಅವರಿಗೆ ಸಲ್ಲುತ್ತವೆ.

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಗುಜರಾತಿನ ಕಡಲತೀರದ ಪೋರಬಂದರಿನಲ್ಲಿ. ತಂದೆ ಗೋಕುಲದಾಸ ಮಾಕನ್‌ಜಿ ಕಪಾಡಿಯಾ ಉಳ್ಳವರು, ವ್ಯಾಪಾರಸ್ಥರು. ಹಡಗುಗಳು ಬಂದು ಹೋಗುವ ಊರಿನ ಸಾಹುಕಾರರ ಮನೆಯೆಂದ ಮೇಲೆ ಬಟ್ಟೆಬರೆಗೆ, ಪಾತ್ರೆಪಗಡೆಗೆ, ಒಡವೆ ವಸ್ತುಗಳಿಗೆ ಕೊರತೆ ಇರಲಿಲ್ಲ. ಆದರೆ ಅಂದಿನ ಪದ್ಧತಿಯಂತೆ ಹೆಣ್ಣುಮಗುವನ್ನು ಶಾಲೆಗೆ ಕಳುಹಿಸಲಿಲ್ಲ. ಹದಿಮೂರು ವರ್ಷ ತುಂಬುವ ಹೊತ್ತಿಗೆ ಅದೇ ಊರಿನ ದಿವಾನರ ಮನೆತನದ ಮೋಹನದಾಸನೊಡನೆ ಮದುವೆಯಾಯಿತು. ವರನಿಗಿಂತ ವಧು ಕೆಲವು ತಿಂಗಳು ಹಿರಿಯಳು. ಇಬ್ಬರೂ ಮಕ್ಕಳೇ.

ಆ ಮೋಹನದಾಸನೇ ಮುಂದೆ ಮಹಾತ್ಮನಾದ. ಆದರೆ ಮೊದಲು ಆತ ಬ್ಯಾರಿಸ್ಟರಾದ. 1888ರಲ್ಲಿ ಮೊದಲ ಮಗ ಹರಿಲಾಲ ಇನ್ನೂ ಹಾಲುಗೂಸಾಗಿದ್ದಾಗ ಲಂಡನ್ನಿಗೆ ಹೊರಟ. ಆ ಖರ್ಚಿನ ವಿಚಾರ ಬಂದಾಗಲೇ ಹೆಂಡತಿಯ ಒಡವೆಗಳನ್ನು ಮಾರಿದರೆ ಎರಡು ಮೂರು ಸಾವಿರ ರೂಪಾಯಿ ಬಂದೀತು ಎಂಬ ಲೆಕ್ಕ ಅವನ ಮನಸ್ಸಿನಲ್ಲಿ ಓಡಿತ್ತು. ತವರಿನವರು ಪ್ರೀತಿಯಿಂದ ಇಟ್ಟು ಕಳುಹಿಸಿದ ಚಿನ್ನ ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಬಹುಪಾಲು ಕರಗಿಹೋಯಿತು. ಇದನ್ನು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಹೆಣ್ಣುಮಕ್ಕಳಿಗೆ ಇದರ ನೋವು ಗೊತ್ತು. ಒಡವೆ ಹೋದದ್ದು ಒಂದು ನೋವು, ತನ್ನನ್ನು ಕೇಳದೆ ಹೋದದ್ದು ಇನ್ನೊಂದು.

1896ರ ಕೊನೆಯಲ್ಲಿ ಗಾಂಧೀಜಿ ಹೆಂಡತಿ ಮಕ್ಕಳನ್ನು ದಕ್ಷಿಣ ಆಫ್ರಿಕಕ್ಕೆ ಕರೆದೊಯ್ದರು. ಆಗ ಅವರಿಗೆ ಸುಧಾರಿತ ಜನರಂತೆ ಕಾಣಿಸಿಕೊಳ್ಳಬೇಕೆಂಬ ಹಂಬಲ. ಕಸ್ತೂರಬಾ ಪಾರ್ಸಿ ಹೆಂಗಸರಂತೆ ಸೀರೆ ಉಡಬೇಕು, ಮಕ್ಕಳು ಕೋಟು ಪ್ಯಾಂಟು ತೊಡಬೇಕು, ಎಲ್ಲರೂ ಬೂಟು ಕಾಲುಚೀಲ ಹಾಕಬೇಕು, ಊಟಕ್ಕೆ ಚಾಕು ಮುಳ್ಳುಚಮಚ ಹಿಡಿಯಬೇಕು ಎಂದು ಅಪ್ಪಣೆಯಾಯಿತು. ಬೂಟಿನಿಂದ ಕಾಲಬೆರಳು ನೊಂದವು, ಬೆವರಿನಿಂದ ಕಾಲುಚೀಲ ನಾರಿದವು. ಆದರೂ ಯಜಮಾನರ ಮಾತಿಗೆ ಎದುರಾಡುವಂತಿರಲಿಲ್ಲ. ಡರ್ಬನ್ ನಗರದ ಮನೆಯಲ್ಲಿ ಇಂಗ್ಲಿಷರ ಮಾದರಿಯ ಪೀಠೋಪಕರಣಗಳು ಬಂದವು. ಕೆಲವು ವರ್ಷ ಕಳೆದ ಮೇಲೆ ಗಾಂಧೀಜಿಗೆ ಈ ಆಡಂಬರ ಬೇಡವೆನಿಸಿತು. ಚಾಕು ಮುಳ್ಳುಚಮಚ ಮೂಲೆಗೆ ಹೋದವು. ತಮ್ಮ ಬಟ್ಟೆಯನ್ನು ತಾವೇ ಒಗೆದು ಇಸ್ತ್ರಿ ಮಾಡಿಕೊಳ್ಳತೊಡಗಿದರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ತರುವಾಗಲೂ ಯಜಮಾನರ ಮಾತು, ಬಿಡುವಾಗಲೂ ಯಜಮಾನರ ಮಾತು. ನಡುವೆ ಆ ಸಾಮಾನನ್ನು ಉಜ್ಜಿ, ತೊಳೆದು, ಒರೆಸಿ, ಜೋಡಿಸಿ ಇಡುತ್ತಿದ್ದವಳು ಮನೆಯಾಕೆ. ವಸ್ತು ಹೆಚ್ಚಾದರೆ ಅದರ ಭಾರ ಬೀಳುವುದು ಅವಳ ಸೊಂಟದ ಮೇಲೆ. ಆದರೂ ಅವಳನ್ನು ಕೇಳುವವರಿಲ್ಲ.

1901ರಲ್ಲಿ ಆ ಮನೆಯಲ್ಲಿ ದೊಡ್ಡದೊಂದು ಪರೀಕ್ಷೆ ನಡೆಯಿತು. ಗಾಂಧೀಜಿ ಸಂಸಾರ ಸಮೇತ ಭಾರತಕ್ಕೆ ಮರಳಲು ನಿಶ್ಚಯಿಸಿದರು. ಅಲ್ಲಿನ ಭಾರತೀಯರಿಗೆ ಅವರ ಮೇಲೆ ಅಪಾರ ಪ್ರೀತಿ. ಊರೂರಿನಲ್ಲಿ ಬೀಳ್ಕೊಡುಗೆಯ ಸಭೆಗಳಾದವು. ಚಿನ್ನದ ಸರ, ಚಿನ್ನದ ಗಡಿಯಾರ, ವಜ್ರದ ಉಂಗುರ, ಬೆಳ್ಳಿಯ ವಸ್ತುಗಳು ಕಾಣಿಕೆಯಾಗಿ ಬಂದವು. ಕಸ್ತೂರಬಾ ಅವರಿಗೆಂದೇ ಒಂದು ಚಿನ್ನದ ಕಂಠೀಹಾರ ಬಂತು. ಅದರ ಬೆಲೆ ಆ ಕಾಲದಲ್ಲಿ 50 ಗಿನಿ. ಇದ್ದ ಒಡವೆ ಕಳೆದುಕೊಂಡ ಹೆಣ್ಣುಮಗಳ ಕೈಗೆ ಮತ್ತೆ ಚಿನ್ನ ಬಂದ ಗಳಿಗೆ ಅದು.

ಆ ರಾತ್ರಿ ಗಾಂಧೀಜಿಗೆ ನಿದ್ದೆ ಬರಲಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದರು. ಜನರ ಸೇವೆಗೆ ಕೂಲಿ ಪಡೆಯುವುದು ಸರಿಯೇ? ಮನೆಯಲ್ಲಿ ಒಡವೆ ಬೇಡ, ಸರಳವಾಗಿ ಬದುಕಿರಿ ಎಂದು ಹೆಂಡತಿ ಮಕ್ಕಳಿಗೆ ಹೇಳುತ್ತ ಬಂದವನು ಈ ಚಿನ್ನವನ್ನು ಎಲ್ಲಿ ಇಟ್ಟುಕೊಳ್ಳುವುದು? ನೂರುಗಟ್ಟಲೆ ಬೆಲೆಬಾಳುವುದನ್ನು ಬಿಡುವುದು ಕಷ್ಟ, ಇಟ್ಟುಕೊಳ್ಳುವುದು ಅದಕ್ಕಿಂತ ಕಷ್ಟ ಎನಿಸಿತು. ಎಲ್ಲವನ್ನೂ ಸಮಾಜದ ಹೆಸರಿಗೆ ಟ್ರಸ್ಟ್ ಮಾಡಿ, ಪಾರ್ಸಿ ರುಸ್ತುಮ್‌ಜಿ ಮೊದಲಾದವರನ್ನು ಟ್ರಸ್ಟಿಗಳನ್ನಾಗಿ ನೇಮಿಸುವುದೆಂದು ಕಾಗದ ಬರೆದಿಟ್ಟರು. ಬೆಳಗಾದ ಮೇಲೆ ಮೊದಲು ಮಕ್ಕಳನ್ನು ಕೂರಿಸಿಕೊಂಡು ಒಪ್ಪಿಸಿದರು. ಮಕ್ಕಳು ಕೂಡಲೇ ಒಪ್ಪಿದರು. ಅಮ್ಮನನ್ನು ನಾವೇ ಒಪ್ಪಿಸುತ್ತೇವೆ ಎಂಬ ಧೈರ್ಯವನ್ನೂ ಕೊಟ್ಟರು.

ಅಮ್ಮ ಒಪ್ಪಲಿಲ್ಲ. ಆಕೆಯ ವಾದವನ್ನು ನಾವು ಗಮನವಿಟ್ಟು ಕೇಳಬೇಕು. ನಿಮಗೆ ಬೇಡದಿರಬಹುದು, ನೀವು ಕುಣಿಸಿದಂತೆ ಕುಣಿಯುವ ಮಕ್ಕಳಿಗೂ ಬೇಡದಿರಬಹುದು, ನನಗೆ ತೊಡಲು ನೀವು ಬಿಡುವುದಿಲ್ಲ ಎಂಬುದೂ ಗೊತ್ತು, ಆದರೆ ನಾಳೆ ಬರುವ ಸೊಸೆಯರ ಗತಿಯೇನು ಎಂದು ಆಕೆ ಕೇಳಿದಳು. ಪ್ರೀತಿಯಿಂದ ಕೊಟ್ಟದ್ದನ್ನು ಹಿಂದಿರುಗಿಸುವುದು ತರವಲ್ಲ ಎಂದಳು. ಸೊಸೆಯರಿಗೆ ಒಡವೆ ಬೇಕಾದರೆ ಆಗ ನನ್ನನ್ನು ಕೇಳು ಎಂದು ಗಂಡ ಹೇಳಿದಾಗ, ನನ್ನ ಒಡವೆ ಕಳೆದ ನೀವು ಸೊಸೆಗೆ ಮಾಡಿಸಿಕೊಡುವಿರಾ, ಮಕ್ಕಳನ್ನು ಈಗಲೇ ಸಾಧುಗಳನ್ನಾಗಿ ಮಾಡಹೊರಟಿದ್ದೀರಿ ಎಂದು ಚುಚ್ಚಿದಳು. ಹಾರ ಬಂದದ್ದು ನಿನ್ನ ಸೇವೆಗೋ ನನ್ನ ಸೇವೆಗೋ ಎಂದು ಗಂಡ ಕೇಳಿದ. ಅದಕ್ಕೆ ಆಕೆ ಕೊಟ್ಟ ಉತ್ತರದ ಸಾರ ಇಷ್ಟು: ನಿಮ್ಮ ಸೇವೆ ಎಂದರೆ ನನ್ನ ಸೇವೆಯೂ ಹೌದು, ಹಗಲಿರುಳು ಈ ಮನೆಯಲ್ಲಿ ದುಡಿದವಳು ನಾನು, ಬಂದವರಿಗೆಲ್ಲ ಊಳಿಗ ಮಾಡಿದವಳು ನಾನು, ಅದು ಲೆಕ್ಕಕ್ಕಿಲ್ಲವೇ? ಹೇಳುತ್ತ ಹೇಳುತ್ತ ಕಣ್ಣೀರು ಹರಿಯಿತು.

ಈ ಮಾತುಗಳಲ್ಲಿ ಕೆಲವು ತಮಗೆ ನಾಟಿದವೆಂದು ಗಾಂಧೀಜಿ ಬರೆದಿದ್ದಾರೆ. ಆದರೂ ಹಿಂದೆ ಸರಿಯಲಿಲ್ಲ. ಹೇಗೋ ಆಕೆಯಿಂದ ಒಪ್ಪಿಗೆ ಪಡೆದರು. 1896ರಲ್ಲಿ ಬಂದ ಕಾಣಿಕೆಗಳು, 1901ರಲ್ಲಿ ಬಂದವು, ಎಲ್ಲವೂ ಟ್ರಸ್ಟಿಗೆ ಸೇರಿ ಬ್ಯಾಂಕಿನಲ್ಲಿ ಇಡಲ್ಪಟ್ಟವು. ಕಷ್ಟಕಾಲದಲ್ಲಿ ಅಲ್ಲಿನ ಭಾರತೀಯ ಸಮಾಜಕ್ಕೆ ಆ ನಿಧಿ ಒದಗಿತು. ವರ್ಷಗಳು ಕಳೆದ ಮೇಲೆ ಆ ತೀರ್ಮಾನ ಸರಿಯೆಂದು ಕಸ್ತೂರಬಾ ಅವರಿಗೂ ಮನದಟ್ಟಾಯಿತು ಎಂದು ಗಾಂಧೀಜಿ ಬರೆದಿದ್ದಾರೆ.

ಭಕ್ತರೇ, ಈ ಕಥೆಯನ್ನು ನಮಗೆ ಹೇಳಿದವರು ಗಂಡ. ಹೆಚ್ಚು ಓದು ಬರಹ ಬಾರದ ಕಸ್ತೂರಬಾ ತಮ್ಮ ಕಥೆಯನ್ನು ಬರೆದಿಡಲಿಲ್ಲ. ಆದರೂ ಗಾಂಧೀಜಿ ಹೆಂಡತಿಯ ವಾದವನ್ನು ಮುಚ್ಚಿಡದೆ ಬರೆದರಲ್ಲ, ಅದು ಅವರ ಸತ್ಯನಿಷ್ಠೆ. ಆ ವಾದದಲ್ಲಿ ಒಂದು ನ್ಯಾಯವಿದೆ. ತಾನು ದುಡಿದು ಕಟ್ಟಿದ ಮನೆಯಲ್ಲಿ ತನಗೂ ಒಂದು ಮಾತಿದೆ ಎಂಬ ನ್ಯಾಯ. ಹಾರ ಕೊಟ್ಟದ್ದು ಧರ್ಮವೇ. ಆದರೆ ಆ ದಿನ ಹಾರ ಬಿಟ್ಟದ್ದು ಕಸ್ತೂರಬಾ ಅವರ ಕೈ ಮಾತ್ರ, ಮನಸ್ಸು ಬಿಡಲು ಇನ್ನೂ ಬಹಳ ವರ್ಷ ಬೇಕಾಯಿತು.

ಭಾರತಕ್ಕೆ ಬಂದ ಮೇಲೆ, 1902ರಲ್ಲಿ, ಮುಂಬಯಿಯಲ್ಲಿ ಗಾಂಧೀಜಿ 10,000 ರೂಪಾಯಿಗಳ ಜೀವವಿಮೆ ಮಾಡಿಸಿದರು. ಹೆಂಡತಿಯ ಒಡವೆಗಳನ್ನೆಲ್ಲ ಮಾರಿದ್ದೇನೆ, ನನಗೇನಾದರೂ ಆದರೆ ಅವಳ ಗತಿಯೇನು ಎಂಬ ಚಿಂತೆ ಅವರನ್ನು ಕಾಡಿತ್ತು. ಮತ್ತೆ ಆಫ್ರಿಕಕ್ಕೆ ಹೋದಾಗ ಗೀತೆಯ ಅಧ್ಯಯನ ನಡೆಸುತ್ತ ಅಪರಿಗ್ರಹ ಎಂಬ ಶಬ್ದ ಅವರ ಮನಸ್ಸನ್ನು ಹಿಡಿಯಿತು. ಪರಿಗ್ರಹ ಎಂದರೆ ಸುತ್ತಲೂ ಕೂಡಿಹಾಕುವುದು, ಅಪರಿಗ್ರಹ ಎಂದರೆ ಕೂಡಿಹಾಕದಿರುವುದು. ವಿಮೆಯ ಕಂತು ಕಟ್ಟುವುದನ್ನು ನಿಲ್ಲಿಸಿದರು. ಇನ್ನು ಉಳಿದದ್ದೆಲ್ಲ ಸಮಾಜಕ್ಕೆ ಎಂದು ಅಣ್ಣನಿಗೆ ಕಾಗದ ಬರೆದರು. ಸಂಸಾರವಂದಿಗರು ಹೀಗೆ ವಿಮೆ ಬಿಡಬೇಕೆಂದು ನಾವು ಹೇಳುವುದಿಲ್ಲ, ಅದು ಅವರ ದಾರಿ. ಆದರೆ ಕಸ್ತೂರಬಾ ಅವರ ಕೈಯಲ್ಲಿದ್ದ ಕಡೆಯ ಆಸರೆಯೂ ಹೀಗೆ ಹೋಯಿತು ಎಂಬುದನ್ನು ನೆನಪಿಡಬೇಕು.

ಜೋಹಾನ್ಸ್‌ಬರ್ಗ್ ನಗರದ ಮನೆಯಲ್ಲಿ ಸಾಮಾನು ಇನ್ನಷ್ಟು ಕಡಿಮೆಯಾಯಿತು. ಅಂಗಡಿಯ ಹಿಟ್ಟು ಬೇಡವೆಂದು ಏಳು ಪೌಂಡ್ ಕೊಟ್ಟು ಕೈಯಿಂದ ತಿರುಗಿಸುವ ಗಿರಣಿಯೊಂದನ್ನು ತಂದರು. ಒಬ್ಬರಿಂದ ತಿರುಗಿಸಲಾಗದ ಭಾರದ ಚಕ್ರ ಅದು. ಗಾಂಧೀಜಿ, ಅವರ ಸ್ನೇಹಿತ ಪೋಲಕ್, ಮಕ್ಕಳು ಸೇರಿ ಬೀಸುತ್ತಿದ್ದರು. ಆಗಾಗ ಕಸ್ತೂರಬಾ ಕೂಡ ಕೈಗೂಡಿಸುತ್ತಿದ್ದರು. ನೋಡಿ, ಮನೆಯಲ್ಲಿ ಹತ್ತು ಬೇಡದ ವಸ್ತು ಹೋಗಿ ಒಂದು ಬೇಕಾದ ವಸ್ತು ಬಂತು. ಬೀಸುವ ಕಲ್ಲಿನ ಬಳಿ ಕೂತು ಬೆಳೆದ ನಮ್ಮ ಅಜ್ಜಿಯರಿಗೆ ಇದರ ಸುಖ ಗೊತ್ತು.

ಮುಂದೆ ಫೀನಿಕ್ಸ್ ಆಶ್ರಮ. ಡರ್ಬನ್ನಿನಿಂದ 14 ಮೈಲಿ ದೂರದಲ್ಲಿ 100 ಎಕರೆ ಜಮೀನು ಕೊಂಡು 1904ರಲ್ಲಿ ಗಾಂಧೀಜಿ ಅದನ್ನು ಆರಂಭಿಸಿದರು. ತಗಡಿನ ಮನೆಗಳು, ಹಾವುಗಳ ಕಾಟ, ಹೊಲದ ಕೆಲಸ. ಸಾಹುಕಾರರ ಮಗಳು, ಬ್ಯಾರಿಸ್ಟರನ ಹೆಂಡತಿ ಅಲ್ಲಿ ಎಲ್ಲರಂತೆ ಬದುಕಿದರು. 1913ರ ಸೆಪ್ಟೆಂಬರಿನಲ್ಲಿ ಆ ಆಶ್ರಮದಿಂದ 16 ಜನರ ತಂಡ ಸರ್ಕಾರದ ಅನ್ಯಾಯದ ಕಾನೂನನ್ನು ಮುರಿಯಲು ಗಡಿ ದಾಟಿತು. ಹಿಂದೂ, ಮುಸಲ್ಮಾನ, ಪಾರ್ಸಿ ಪದ್ಧತಿಯ ಮದುವೆಗಳಿಗೆ ಮಾನ್ಯತೆ ಇಲ್ಲವೆಂದು ಅಲ್ಲಿನ ನ್ಯಾಯಾಲಯ ಹೇಳಿದ್ದ ಕಾಲ ಅದು. ಆ ತಂಡದಲ್ಲಿ ಕಸ್ತೂರಬಾ ಇದ್ದರು. ಮೂರು ತಿಂಗಳ ಕಠಿಣ ಶಿಕ್ಷೆಯಾಯಿತು. ಸೆರೆಮನೆಗೆ ಹೋಗುವವರು ಪೆಟ್ಟಿಗೆ ಹೊತ್ತು ಹೋಗುವಂತಿಲ್ಲ. ಹಾರಕ್ಕಾಗಿ ಅತ್ತಿದ್ದ ಹೆಣ್ಣುಮಗಳು ಬರಿಗೈಯಲ್ಲಿ ನಿರ್ಭಯವಾಗಿ ನಡೆದುಹೋದಳು. ಈ ಬಾರಿ ಅದು ಅವಳದೇ ಸಂಕಲ್ಪ.

1915ರ ಜನವರಿಯಲ್ಲಿ ದಂಪತಿಗಳು ಶಾಶ್ವತವಾಗಿ ಭಾರತಕ್ಕೆ ಮರಳಿದರು. ಎರಡು ವರ್ಷದ ಮೇಲೆ, 1917ರಲ್ಲಿ, ಬಿಹಾರದ ಚಂಪಾರಣ್ಯದಲ್ಲಿ ನೀಲಿ ಬೆಳೆಯುವ ರೈತರ ಗೋಳು ಕೇಳಲು ಗಾಂಧೀಜಿ ಹೋದರು. ಕಸ್ತೂರಬಾ ಕೂಡ ಹೋಗಿ ಹಳ್ಳಿಯ ಹೆಂಗಸರ ನಡುವೆ ಕೆಲಸ ಮಾಡಿದರು. ಅಲ್ಲಿ ಒಂದು ಕಡೆ ಹೆಂಗಸರ ಬಟ್ಟೆ ಬಹಳ ಕೊಳೆಯಾಗಿತ್ತು. ಬಟ್ಟೆ ಏಕೆ ಒಗೆಯುವುದಿಲ್ಲವೆಂದು ಕೇಳಿ ಬಾ ಎಂದು ಗಾಂಧೀಜಿ ಹೆಂಡತಿಯನ್ನು ಕಳುಹಿಸಿದರು. ಕಸ್ತೂರಬಾ ಹೋಗಿ ಕೇಳಿದರು. ಒಬ್ಬಾಕೆ ಅವರನ್ನು ತನ್ನ ಗುಡಿಸಲಿನೊಳಗೆ ಕರೆದೊಯ್ದು ತೋರಿಸಿದಳು. ಪೆಟ್ಟಿಗೆ ಇಲ್ಲ, ಕಪಾಟು ಇಲ್ಲ, ಗೂಟದ ಮೇಲೆ ಬಟ್ಟೆ ಇಲ್ಲ. ಇರುವುದು ಮೈಮೇಲಿನ ಒಂದೇ ಸೀರೆ. ಅದನ್ನು ಒಗೆದರೆ ಏನು ಉಡಲಿ, ಇನ್ನೊಂದು ಸೀರೆ ಕೊಡಿಸಲು ಮಹಾತ್ಮರಿಗೆ ಹೇಳಿ, ಆಮೇಲೆ ನಿತ್ಯ ಮಿಂದು ಮಡಿಯುಡುತ್ತೇನೆ ಎಂದಳು.

ತಾಯಂದಿರೇ, ಈ ಗುಡಿಸಲನ್ನು ಮರೆಯಬೇಡಿ. ಕಡಿಮೆ ವಸ್ತುಗಳಲ್ಲಿ ಬದುಕುವುದು ಶ್ರೇಷ್ಠ ಎಂದು ಉಳ್ಳವರಿಗೆ ಹೇಳಬಹುದು. ಇಲ್ಲದವರಿಗೆ ಹೇಳುವುದು ಅಧರ್ಮ. ಬಡತನ ಬೇರೆ, ಅಪರಿಗ್ರಹ ಬೇರೆ. ಒಂದೇ ಸೀರೆಯಿದ್ದ ಆ ತಾಯಿಗೆ ಬೇಕಾದದ್ದು ಉಪದೇಶವಲ್ಲ, ಇನ್ನೊಂದು ಸೀರೆ. ನಮ್ಮ ಪೆಟ್ಟಿಗೆಯಲ್ಲಿ ಹತ್ತು ವರ್ಷದಿಂದ ಮಡಿಕೆ ಬಿಚ್ಚದ ಸೀರೆಗಳಿದ್ದರೆ, ಅವು ಯಾರ ಮೈಮೇಲೆ ಇರಬೇಕಾಗಿತ್ತು ಎಂದು ಯೋಚಿಸಬೇಕು. ಆ ಗುಡಿಸಲಿನೊಳಗೆ ಕಾಲಿಟ್ಟು ಕಣ್ಣಾರೆ ನೋಡಿದವರು ಕಸ್ತೂರಬಾ. ಅಂಥ ನೋಟ ಕಂಡವರಿಗೆ ಚಿನ್ನದ ಹಾರದ ನೆನಪು ಹಾಗೆಯೇ ಉಳಿಯಲಾರದು.

ಆದರೆ ಮನಸ್ಸು ಒಂದೇ ದಿನದಲ್ಲಿ ತಿರುಗುವ ಚಕ್ರವಲ್ಲ. ಸಾಬರಮತಿ ಆಶ್ರಮದಲ್ಲಿ ಅಪರಿಗ್ರಹ ಒಂದು ವ್ರತವಾಗಿತ್ತು. ಆಶ್ರಮವಾಸಿಗಳು ಸ್ವಂತ ಹಣ ಇಟ್ಟುಕೊಳ್ಳುವಂತಿಲ್ಲ, ಯಾರಾದರೂ ಕಾಣಿಕೆ ಕೊಟ್ಟರೂ ಕಚೇರಿಗೆ ಒಪ್ಪಿಸಬೇಕು. ಕಸ್ತೂರಬಾ ಅವರಿಗೆ ಬೇರೆ ಬೇರೆ ಸಂದರ್ಭಗಳಲ್ಲಿ ಜನ ಕೊಟ್ಟ ನೂರಿನ್ನೂರು ರೂಪಾಯಿಯನ್ನು ಅವರು ತಮ್ಮಲ್ಲಿಯೇ ಇಟ್ಟುಕೊಂಡಿದ್ದರು. ಒಮ್ಮೆ ಕಳ್ಳರು ಬಂದರು. ಕಳ್ಳರ ಕೈಗೆ ಏನೂ ಸಿಗಲಿಲ್ಲ, ಆದರೆ ಬಚ್ಚಿಟ್ಟ ವಿಷಯ ಹೊರಬಿತ್ತು. ಕಸ್ತೂರಬಾ ಪಶ್ಚಾತ್ತಾಪಪಟ್ಟರು. ಕೆಲವು ಕಾಲದ ಮೇಲೆ ಯಾರೋ ಅಪರಿಚಿತರು ಕೊಟ್ಟ ನಾಲ್ಕು ರೂಪಾಯಿ ಮತ್ತೆ ಅವರ ಬಳಿ ಉಳಿಯಿತು. ಗಾಂಧೀಜಿ ಇದನ್ನು 1929ರಲ್ಲಿ ತಮ್ಮ ಪತ್ರಿಕೆಯಲ್ಲಿ ದೇಶಕ್ಕೆಲ್ಲ ತಿಳಿಯುವಂತೆ ಬರೆದರು. ಇನ್ನೊಮ್ಮೆ ಹೀಗಾದರೆ ಪತಿಯನ್ನೂ ಆಶ್ರಮವನ್ನೂ ಬಿಟ್ಟು ಹೋಗುವುದಾಗಿ ಕಸ್ತೂರಬಾ ಪ್ರತಿಜ್ಞೆ ಮಾಡಿದರು.

ನಾಲ್ಕು ರೂಪಾಯಿ! ಅರವತ್ತರ ಅಜ್ಜಿ. ಸೆರಗಿನ ತುದಿಯಲ್ಲಿ ಒಂದಿಷ್ಟು ಚಿಲ್ಲರೆ ಗಂಟು ಹಾಕಿಕೊಳ್ಳದ ಅಜ್ಜಿ ನಮ್ಮ ಊರುಗಳಲ್ಲಿ ಯಾರಿದ್ದಾರೆ? ಮೊಮ್ಮಗು ಬಂದಾಗ ಕೈಗೆ ಏನಾದರೂ ಇಡಲೆಂದೋ, ಕಷ್ಟಕ್ಕೆ ಆಗಲೆಂದೋ ಇಟ್ಟುಕೊಳ್ಳುವ ಗಂಟು ಅದು. ನಿಯಮವನ್ನು ನಿಯಮವಾಗಿ ನೋಡಿದರೆ ತಪ್ಪು ತಪ್ಪೇ. ಆದರೆ ಹೆಂಡತಿಯ ತಪ್ಪನ್ನು ಹೀಗೆ ಊರ ಮುಂದೆ ಬಿಚ್ಚಿಟ್ಟದ್ದು ಕಠಿಣವಾಯಿತೇನೋ ಎಂದು ಓದುವವರಿಗೆ ಅನ್ನಿಸದಿರದು. ನಮಗೂ ಅನ್ನಿಸುತ್ತದೆ. ಮಹಾತ್ಮರ ಜೀವನವನ್ನು ಓದುವಾಗ ಅವರ ಎಲ್ಲ ನಡೆಯೂ ನಮ್ಮ ಮನೆಗೆ ಮಾದರಿ ಎಂದು ತಿಳಿಯಬೇಕಾಗಿಲ್ಲ. ಕಿತ್ತುಕೊಂಡರೆ ಮನುಷ್ಯ ಬಚ್ಚಿಡುತ್ತಾನೆ, ಇದು ಲೋಕದ ರೀತಿ. ಹಾರ ಹೋದ 1901ರಿಂದ ನಾಲ್ಕು ರೂಪಾಯಿಯ 1929ರವರೆಗೆ 28 ವರ್ಷ. ಅಷ್ಟು ದೀರ್ಘ ಕಾಲ ಆ ತಾಯಿ ಬಿಡುವುದನ್ನು ಕಲಿಯುತ್ತಲೇ ಇದ್ದರು. ಬಿದ್ದರು, ಎದ್ದರು, ಮತ್ತೆ ನಡೆದರು. ಹುಟ್ಟಿನಿಂದಲೇ ವಿರಕ್ತರಾದವರ ಕಥೆಗಿಂತ ನಮ್ಮಂಥ ಸಂಸಾರಿಗಳಿಗೆ ಈ ಕಥೆ ಹತ್ತಿರದ್ದು.

1930ರಲ್ಲಿ ಗಾಂಧೀಜಿ ದಂಡಿಯಾತ್ರೆಗೆಂದು ಸಾಬರಮತಿಯನ್ನು ಬಿಟ್ಟರು. 1933ರಲ್ಲಿ ಆ ಆಶ್ರಮವನ್ನೇ ವಿಸರ್ಜಿಸಿದರು. ಹದಿನಾರು ವರ್ಷ ಬೆಳೆಸಿದ ಮನೆಯನ್ನು ಬಿಟ್ಟು ಹೊರಡುವುದು ಗೃಹಿಣಿಗೆ ಎಂಥ ಸಂಕಟವೆಂದು ಊರು ಮುಳುಗಡೆಯಾಗಿ ಮನೆ ಕಳೆದುಕೊಂಡ ನಮ್ಮ ಕೃಷ್ಣಾ ತೀರದ ತಾಯಂದಿರನ್ನು ಕೇಳಿದರೆ ತಿಳಿದೀತು. ಕಸ್ತೂರಬಾ ಆ ವರ್ಷಗಳಲ್ಲಿ ಹಲವು ಬಾರಿ ಸೆರೆಮನೆ ಸೇರಿದರು. 1936ರಿಂದ ವಾರ್ಧಾ ಬಳಿಯ ಸೇವಾಗ್ರಾಮದಲ್ಲಿ ವಾಸ. ಮಣ್ಣಿನ ಗೋಡೆ, ಬಿದಿರು, ಹಂಚಿನ ಮಾಡು. ಮೊದಲು ಎಲ್ಲರಿಗೂ ಒಂದೇ ಕುಟೀರ. ಬಂದವರು ಹೋದವರು ತುಂಬಿರುವ ಆ ಮನೆಯಲ್ಲಿ ವಯಸ್ಸಾದ ಹೆಂಗಸಿಗೆ ಮರೆ ಎಂಬುದಿರಲಿಲ್ಲ. ಆಮೇಲೆ ಅವರಿಗೆಂದು ಚಿಕ್ಕದೊಂದು ಕುಟೀರ ಕಟ್ಟಿದರು. ಬಾ ಕುಟಿ ಎಂದು ಅದನ್ನು ಈಗಲೂ ಕಾಪಾಡಿದ್ದಾರೆ. ಹೋಗಿ ನೋಡಿದವರಿಗೆ ಒಬ್ಬರ ಬಾಳಿಗೆ ಎಷ್ಟು ಜಾಗ ಸಾಕೆಂಬುದು ಹೇಳದೆಯೇ ತಿಳಿಯುತ್ತದೆ. ಸರಳವಾಗಿ ಬದುಕುವವರಿಗೂ ಬಾಗಿಲು ಮುಚ್ಚಿಕೊಳ್ಳಲು ಒಂದು ಕೋಣೆ ಬೇಕು ಎಂಬ ಪಾಠವೂ ಅಲ್ಲಿದೆ.

1942ರ ಆಗಸ್ಟ್ 9ರಂದು ಮುಂಬಯಿಯಲ್ಲಿ ಗಾಂಧೀಜಿಯ ಬಂಧನವಾಯಿತು. ಅವರು ಮಾತನಾಡಬೇಕಿದ್ದ ಸಭೆಯಲ್ಲಿ ತಾನು ಮಾತನಾಡುತ್ತೇನೆಂದು 73 ವರ್ಷದ ಕಸ್ತೂರಬಾ ಹೊರಟರು, ಅವರನ್ನೂ ಬಂಧಿಸಿದರು. ಪುಣೆಯ ಆಗಾಖಾನ್ ಅರಮನೆಯಲ್ಲಿ ಇಬ್ಬರನ್ನೂ ಇಟ್ಟರು. ಅಲ್ಲಿ ಒಂದೇ ವಾರದಲ್ಲಿ, ಆಗಸ್ಟ್ 15ರಂದು, ಮಗನಂತಿದ್ದ ಮಹಾದೇವ ದೇಸಾಯಿ ತೀರಿಕೊಂಡರು. ಸುತ್ತಲೂ ಅರಮನೆಯ ವೈಭವ, ವಿಶಾಲ ಪಡಸಾಲೆ, ಹೂದೋಟ. ಆದರೆ ಅದು ಸೆರೆಮನೆ. ಇಷ್ಟು ದೊಡ್ಡ ಮನೆ, ಇಷ್ಟು ಕಾವಲು ನಮಗೇಕೆ, ಸೇವಾಗ್ರಾಮದ ಗುಡಿಸಲೇ ಸಾಕೆಂಬ ಹಂಬಲದಲ್ಲಿಯೇ ಆ ಜೀವ ಸೊರಗಿತು ಎಂದರೆ ತಪ್ಪಾಗಲಾರದು. 1944ರ ಫೆಬ್ರವರಿ 22ರಂದು, ಶಿವರಾತ್ರಿಯ ಪುಣ್ಯಕಾಲದಲ್ಲಿ, ಗಂಡನ ಮಡಿಲಲ್ಲಿ ತಲೆಯಿಟ್ಟು ಪ್ರಾಣಬಿಟ್ಟರು.

ಪತಿ ನೂತ ನೂಲಿನಿಂದ ನೆಯ್ದ ಸೀರೆಯಲ್ಲಿಯೇ ತನ್ನನ್ನು ಕಳುಹಿಸಿಕೊಡಬೇಕೆಂಬುದು ಅವರ ಕಡೆಯ ಆಸೆಯಾಗಿತ್ತು. ಎಲ್ಲವನ್ನೂ ಬಿಟ್ಟ ತಾಯಿ ಜೋಪಾನವಾಗಿ ಬಯಸಿದ ವಸ್ತು ಅದೊಂದೇ. ಹಾಗೆಯೇ ನಡೆಸಿದರು. ಚಿತೆ ಆರಿದ ಮೇಲೆ ಅಸ್ಥಿಸಂಚಯಕ್ಕೆ ಹೋದವರು ಬೂದಿಯ ನಡುವೆ ಕೈಯಾಡಿಸಿದಾಗ ಅವರ ಐದು ಗಾಜಿನ ಬಳೆಗಳು ಒಡೆಯದೆ ಸಿಕ್ಕವು. ಚಿನ್ನವಿರಲಿಲ್ಲ, ಬೆಳ್ಳಿಯಿರಲಿಲ್ಲ. ಸಂತೆಯಲ್ಲಿ ಸಿಗುವಂಥ ಗಾಜಿನ ಬಳೆ. 50 ಗಿನಿಯ ಹಾರಕ್ಕಾಗಿ ವಾದಿಸಿದ ತಾಯಿಯ ಮೈಮೇಲೆ ಕೊನೆಗೆ ಉಳಿದದ್ದು ಇಷ್ಟು. ಈ ಬಳೆಗಳನ್ನು ಯಾರೂ ಆಕೆಯಿಂದ ಬಿಡಿಸಲು ಹೋಗಿರಲಿಲ್ಲ.

ಆಕೆಯ ನೆನಪಿನ ನಿಧಿಗೆಂದು ದೇಶದ ಜನರನ್ನು 75 ಲಕ್ಷ ರೂಪಾಯಿ ಕೇಳಲಾಯಿತು. ಒಂದು ಕೋಟಿಗೂ ಮಿಕ್ಕಿ ಹಣ ಬಂತು. ಅದನ್ನು 1944ರ ಅಕ್ಟೋಬರ್ 2ರಂದು ಗಾಂಧೀಜಿಯವರಿಗೆ ಒಪ್ಪಿಸಿದರು. ಹಳ್ಳಿಯ ಹೆಂಗಸರು ಮಕ್ಕಳಿಗಾಗಿ ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟ್ ಎಂಬ ಸಂಸ್ಥೆ ಹುಟ್ಟಿತು. ನಮ್ಮ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಕಸ್ತೂರಬಾ ಗ್ರಾಮ ಬೆಳೆದದ್ದು ಅದರ ಆಶ್ರಯದಲ್ಲಿಯೇ. ಸೊಸೆಯರಿಗೆ ಏನೂ ಉಳಿಯಲಿಲ್ಲವಲ್ಲ ಎಂದು ಅತ್ತ ಅತ್ತೆಯ ಹೆಸರಿನಿಂದ ಈ ನಾಡಿನ ಎಷ್ಟೋ ಹೆಣ್ಣುಮಕ್ಕಳಿಗೆ ವಿದ್ಯೆ, ಔಷಧ, ಆಸರೆ ಸಿಕ್ಕಿತು.

ಸದ್ಭಕ್ತರೇ, ಈಗ ನಮ್ಮ ಅಟ್ಟಕ್ಕೆ ಮರಳೋಣ. ಈ ಸಲ ಹಬ್ಬಕ್ಕೆ ಏಣಿ ಹಾಕಿದಾಗ ಮೊದಲು ನಿಮ್ಮ ನಿಮ್ಮ ಪೆಟ್ಟಿಗೆಯನ್ನು ತೆರೆಯಿರಿ. ಹೆಂಡತಿಯ ಪೆಟ್ಟಿಗೆಯನ್ನು ಗಂಡ, ಅತ್ತೆಯ ಗಂಟನ್ನು ಸೊಸೆ ಬಿಚ್ಚುವುದು ಬೇಡ. ತನ್ನದನ್ನು ತಾನು ಬಿಟ್ಟರೆ ಅದು ತ್ಯಾಗ. ಇನ್ನೊಬ್ಬರದನ್ನು ಬಿಡಿಸಿದರೆ ಅದು ಜಗಳ. ಮುದುಕಿಯೊಬ್ಬಳು ಹಳೆಯ ಬೆಳ್ಳಿ ಬಟ್ಟಲನ್ನು ಬಿಡಲಾರದೆ ಹಿಡಿದಿದ್ದರೆ, ಅದರ ಕಥೆಯೇನೆಂದು ಕೇಳಿರಿ. ಕಥೆಯನ್ನು ಕೇಳುವವರು ಸಿಕ್ಕರೆ ಎಷ್ಟೋ ಸಲ ವಸ್ತುವನ್ನು ಬಿಡುವುದು ಸುಲಭವಾಗುತ್ತದೆ.

ಹಿರಿಯರಿಗೂ ಒಂದು ಮಾತು. ಕೊಡಬೇಕಾದದ್ದನ್ನು ಕೈಕಾಲು ಗಟ್ಟಿಯಿರುವಾಗಲೇ ಕೊಡಿ. ನಾವು ಹೋದ ಮೇಲೆ ಮಕ್ಕಳು ಪಾತ್ರೆ ಹಂಚಿಕೊಳ್ಳಲು ಪಂಚರನ್ನು ಕೂಡಿಸುವ ಕಷ್ಟವನ್ನು ಅವರಿಗೆ ಬಿಟ್ಟುಹೋಗುವುದೇಕೆ? ಕೊಡುವಾಗ ಬಳಸಲು ಬರುವುದನ್ನು ಕೊಡಿ. ಹರಿದದ್ದು ಮುರಿದದ್ದನ್ನು ಬಡವರ ಬಾಗಿಲಿಗೆ ಹಾಕಿ ಪುಣ್ಯ ಬಂತೆಂದು ಭಾವಿಸಬೇಡಿ. ಚಂಪಾರಣ್ಯದ ಆ ತಾಯಿ ಕೇಳಿದ್ದು ಉಡಲು ಬರುವ ಸೀರೆ. ಇನ್ನು ಬಿಡಲಾಗದೆ ಒಂದೆರಡು ವಸ್ತು ಉಳಿದರೆ ನಾಚಿಕೊಳ್ಳಬೇಕಾಗಿಲ್ಲ. ಕಸ್ತೂರಬಾ ತಾಯಿಗೂ ಬಹಳ ವರ್ಷ ಹಿಡಿಯಿತು.

ಸರ್ವರಿಗೂ ಒಳಿತಾಗಲಿ.